ತಡೆಯಿಲ್ಲದ ಚಿತ್ರ

ಲ್ಯಾಪ್‌ಟಾಪಿನ ಪರದೆಯ ಮೇಲೆ ಡಾಕ್ಟರ್ ಅರ್ಷದ್ ಮುಲ್ಲಾ ಕನ್ನಡಕ ತೆಗೆದು ಒರೆಸಿಕೊಂಡರು. ಅವರು ಕೂತಿದ್ದದ್ದು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ. ಕಾರಟಗಿಯ ಈ ಎರಡು ಕೋಣೆಯ ಮನೆಗೆ ಬರುವ ಸಂಪರ್ಕ ಬಹಳ ದುರ್ಬಲ. ಹದಿನೈದು ವರ್ಷದ ಹಿಂದಾಗಿದ್ದರೆ ಅವರ ಕೈ ಕನ್ನಡಕ ಮುಟ್ಟುವಷ್ಟರಲ್ಲಿ ಮೂರು ಸಲ ಗಾಳಿಯಲ್ಲೇ ನಿಂತುಬಿಡುತ್ತಿತ್ತು. ಈಗ ಒರೆಸುವ ಬಟ್ಟೆಯ ಮಡಿಕೆ ಸಹ ನೀರು ಹರಿದಂತೆ ಹರಿಯಿತು. ಪರದೆಯ ಮೂಲೆಯಲ್ಲಿ ಎಳ್ಳುಕಾಳಿನಷ್ಟು ಹಸಿರು ಚುಕ್ಕೆ ಹೊಳೆಯುತ್ತಿತ್ತು. 'ನಿರಂತರ' ಕೆಲಸ ಮಾಡುತ್ತಿದೆ ಎಂಬ ಗುರುತು ಅದು.

2058ರಲ್ಲಿ ಈ ಚುಕ್ಕೆ ಇಲ್ಲದ ಪರದೆ ಸಿಗುವುದೇ ಕಷ್ಟವಾಗಿತ್ತು. ಚಲಿಸುವ ಚಿತ್ರವೆಂದರೆ ಸೆಕೆಂಡಿಗೆ ಮೂವತ್ತೋ ಅರವತ್ತೋ ಸ್ಥಿರಚಿತ್ರಗಳ ಸಾಲು. ಅವುಗಳಲ್ಲಿ ಕೆಲವು ದಾರಿಯಲ್ಲೇ ಕಳೆದುಹೋದರೆ ನೋಟ ಕುಂಟುತ್ತದೆ. ನಿರಂತರ ಎಂಬ ಚಿಪ್ ಪರದೆಯ ಬೆನ್ನಿಗೇ ಅಂಟಿಕೊಂಡಿತ್ತು. ಬಂದ ಚಿತ್ರಗಳನ್ನು ನೋಡಿ, ಬಾರದ ಚಿತ್ರಗಳು ಹೇಗಿರಬಹುದಿತ್ತೆಂದು ಊಹಿಸಿ, ಖಾಲಿ ಜಾಗ ತುಂಬುವುದು ಅದರ ಕೆಲಸ. ಊಹೆ ಎಷ್ಟು ನಯವಾಗಿತ್ತೆಂದರೆ ಅದು ಬಂದ ಒಂಬತ್ತು ವರ್ಷದಲ್ಲಿ ಜನ "ಕಾಣಾಕತ್ತೈತೇನು?" ಎಂದು ಕೇಳುವುದನ್ನೇ ಮರೆತಿದ್ದರು.

ಭಾಗ್ಯಶ್ರೀ ಮಗಳನ್ನು ಗೋಡೆಗೆ ಒರಗಿಸಿ ಕೂರಿಸಿದ್ದಳು. ಅಕ್ಕಿ ಗಿರಣಿಗೆ ರಜೆ ಹಾಕಿ, ಹಿಂದಿನ ದಿನವೇ ಆ ಗೋಡೆಗೆ ಸುಣ್ಣ ಬಳಿದಿದ್ದಳು. ಆರೋಗ್ಯ ಕೇಂದ್ರದವರು ಕೊಟ್ಟ ಸೂಚನೆಯ ಚೀಟಿಯಲ್ಲಿ ಮೊದಲ ಸಾಲೇ ಅದು: ಹಿಂದೆ ಖಾಲಿ ಗೋಡೆ ಇರಲಿ, ಫ್ಯಾನ್ ಆರಿಸಿ, ಬೇರೆ ಯಾರೂ ಓಡಾಡಬೇಡಿ. ಏಳು ವರ್ಷದ ತನು ಎಣ್ಣೆ ಹಚ್ಚಿ ಬಾಚಿದ ತಲೆಯಲ್ಲಿ, ತೊಡೆಯ ಮೇಲೆ ಕೈಯಿಟ್ಟುಕೊಂಡು ಅಲುಗಾಡದೆ ಕೂತಿದ್ದಳು.

ಇದು ಮೂರನೆಯ ಭೇಟಿ. ತನು ಇದ್ದಕ್ಕಿದ್ದಂತೆ ಮೈಮರೆತು ಕಲ್ಲಾಗುವ ತೊಂದರೆ ಮೂರರಲ್ಲಿ ಒಮ್ಮೆಯಾದರೂ ವೈದ್ಯರ ಕಣ್ಣಿಗೆ ಬಿದ್ದರೆ ಹುಬ್ಬಳ್ಳಿಯಲ್ಲಿ ಇಇಜಿ, ಅಂದರೆ ಮೆದುಳಿನ ವಿದ್ಯುತ್ ಅಲೆಗಳ ಪರೀಕ್ಷೆಗೆ ಸರದಿ ಸಿಗುತ್ತಿತ್ತು. ಬೀಳದಿದ್ದರೆ ಕಡತ ಮುಚ್ಚುತ್ತಿತ್ತು.

"ಜೋರಾಗಿ ಉಸಿರು ಬಿಡು ಪುಟ್ಟಿ, ಬಿಸಿ ಹಾಲು ಆರಿಸ್ತಾರಲ್ಲ, ಹಂಗ. ನಾನು ಸಾಕು ಅನ್ನೋತನಕ," ಎಂದರು ಡಾಕ್ಟರು. ಹೀಗೆ ಮೂರು ನಿಮಿಷ ಊದಿಸಿದರೆ, ಮಗುವಿನ ಎಚ್ಚರ ಕೆಲವು ಸೆಕೆಂಡು ಕಳಚಿಹೋಗುವ ಆ ಬಗೆಯ ಮೂರ್ಛೆ ಇದ್ದಲ್ಲಿ ಹೊರಬೀಳುತ್ತದೆ. ಊದಿ ಮುಗಿಸಿದ ಮೇಲೆ ಏಳರ ಮಗ್ಗಿ ಹೇಳಲು ಹೇಳಿದರು.

"ಏಳೊಂದ್ಲೆ ಏಳು, ಏಳೆರಡ್ಲೆ ಹದಿನಾಲ್ಕು, ಏಳ್ಮೂರ್ಲೆ..."

ತನುವಿನ ಮಾತು ನಿಂತಿತು. ಬಾಯಿ ಅರ್ಧ ತೆರೆದೇ ಇತ್ತು. ಕಣ್ಣು ಲ್ಯಾಪ್‌ಟಾಪಿನ ಮೇಲಿತ್ತು, ಆದರೆ ಅದನ್ನು ನೋಡುತ್ತಿರಲಿಲ್ಲ.

"ಈಗ ನೋಡ್ರಿ ಸರ್! ಈಗ! ಆಗಾಕತ್ತೈತಿ!"

"ಏನಮ್ಮಾ ಆಗೋದು? ನಗಾಕತ್ತಾಳ ಹುಡುಗಿ," ಎಂದರು ಡಾಕ್ಟರು. "ಏಳ್ಮೂರ್ಲೆ ಎಷ್ಟು ಅನ್ನೋದು ಮರ್ತೈತಿ, ನಾಚಿಕಿ ಬಂದೈತಿ. ನನಗೂ ಏಳರ ಮಗ್ಗಿ ಅಂದ್ರ ಅಷ್ಟಕ್ಕಷ್ಟ."

ಪರದೆಯ ಕೆಳಮೂಲೆಯಲ್ಲಿ ಒಂದು ಸಣ್ಣ ಚೌಕ ಇರುತ್ತಿತ್ತು. ಇತ್ತಲಿಂದ ಹೋದ ಚಿತ್ರ ಅತ್ತ ಹೇಗೆ ಕಾಣುತ್ತಿದೆ ಎಂದು ತೋರಿಸುವ ಚೌಕ. ಭಾಗ್ಯಶ್ರೀ ಮೊದಲ ಬಾರಿ ಅದರತ್ತ ನೋಡಿದಳು. ಅದರೊಳಗಿನ ತನು ಮೆಲ್ಲಗೆ ರೆಪ್ಪೆ ಬಡಿದಳು, ಕತ್ತು ಕೊಂಚ ವಾಲಿಸಿದಳು, ತುಟಿಯಂಚಿನಲ್ಲಿ ನಕ್ಕಳು. ಪಕ್ಕದಲ್ಲಿದ್ದ ತನು ಕಲ್ಲಾಗಿದ್ದಳು.

ಹತ್ತು ಸೆಕೆಂಡಿನ ಮೇಲೆ "ಇಪ್ಪತ್ತೊಂದು" ಎಂಬ ಮಾತು ಹೊರಬಂತು, ನಡುವೆ ಏನೂ ಆಗಿಲ್ಲವೆಂಬಂತೆ.

"ಸರ್, ಇಲ್ಲಿ ಬ್ಯಾರೆ ಕಾಣತೈತಿ, ಅಲ್ಲಿ ಬ್ಯಾರೆ..."

"ನೋಡಮ್ಮಾ, ಮೂರು ಸಲ ನೋಡೀನಿ. ಸಿಟ್ಟಾಗಬ್ಯಾಡ. ಮಗು ಆರಾಮೈತಿ. ನೀನು ಒಂದೀಟು ನಿದ್ದಿ ಮಾಡು," ಎಂದರು ಡಾಕ್ಟರು. ಅವರ ದನಿಯಲ್ಲಿ ಅಸಡ್ಡೆ ಇರಲಿಲ್ಲ. ಇದ್ದಿದ್ದರೆ ಭಾಗ್ಯಶ್ರೀಗೆ ಜಗಳ ಮಾಡುವುದಾದರೂ ಸಾಧ್ಯವಿತ್ತು.

ಡಾಕ್ಟರಿಗೆ ತೋರಿಸಲೆಂದು ಅವಳು ಫೋನಿನಲ್ಲಿ ವಿಡಿಯೊ ತೆಗೆದಿಟ್ಟುಕೊಂಡಿದ್ದಳು, ನಾಲ್ಕು ಸಲ. ಫೋನಿನ ಪರದೆಯಲ್ಲೂ ಅದೇ ಹಸಿರು ಚುಕ್ಕೆ ಇತ್ತು. ತೆಗೆಯುವಾಗ ಮಗಳು ಕಲ್ಲಾಗಿರುತ್ತಿದ್ದಳು, ಮತ್ತೆ ಹಾಕಿ ನೋಡಿದರೆ ನಗುತ್ತಿದ್ದಳು. ಅತ್ತೆ ಅದನ್ನು ನೋಡಿ, "ಕೂಸಿಗೆ ಏನೂ ಆಗಿಲ್ಲ, ನಿನಗ ಏನೋ ಆಗೈತಿ," ಎಂದಿದ್ದಳು. ಒಂದೊಂದು ಸಲ ಭಾಗ್ಯಶ್ರೀಗೂ ಹಾಗೇ ಅನಿಸುತ್ತಿತ್ತು. ಆದರೆ ತನು ಶಾಲೆಗೆ ಹೋಗುವುದು ಎಡದಂಡೆ ಕಾಲುವೆಯ ಏರಿಯ ಮೇಲೆ. ಅಲ್ಲಿ ಹತ್ತು ಸೆಕೆಂಡು ಎಚ್ಚರ ತಪ್ಪಿ ಹೆಜ್ಜೆ ಇಟ್ಟರೆ? ನವೆಂಬರಿನಲ್ಲಿ ಕಾಲುವೆ ತುಂಬಿ ಹರಿಯುತ್ತಿತ್ತು.

ಮರುದಿನ ಲ್ಯಾಪ್‌ಟಾಪನ್ನು ಚೀಲದಲ್ಲಿ ಹಾಕಿಕೊಂಡು ಗಂಗಾವತಿಗೆ ಹೋದಳು. ಬಸ್ ನಿಲ್ದಾಣದ ಹಿಂದೆ ಖಾಜಾ ಹುಸೇನ್ ಎಂಬವರ ರಿಪೇರಿ ಅಂಗಡಿ ಇತ್ತು.

"ಏನ್ ತೊಂದ್ರಿ?"

"ಚಿತ್ರ ನಿಲ್ಲವಲ್ದು."

ಖಾಜಾ ಸಾಹೇಬರು ಸ್ಕ್ರೂಡ್ರೈವರ್ ಕೆಳಗಿಟ್ಟರು. "ನಲವತ್ತು ವರ್ಷದಿಂದ ಈ ಸ್ಟೂಲ್ ಮ್ಯಾಲ ಕುಂತೀನಿ ತಂಗಿ. ಚಿತ್ರ ನಿಂತ್ಕೊಂತು ಅಂತ ಅತ್ಕೊಂತ ಬಂದೋರನ್ನ ನೋಡೀನಿ. ನಿಲ್ಲವಲ್ದು ಅಂತ ಬಂದಾಕಿ ನೀನ ಮೊದಲನೇಕಿ."

ಆದರೂ ಅವರು ತಮ್ಮ ಹಳೆಯ ಕ್ರಮ ಬಿಡಲಿಲ್ಲ. ಹಿನ್ನೆಲೆಯಲ್ಲಿ ಓಡುತ್ತಿದ್ದ ತಂತ್ರಾಂಶಗಳನ್ನು ಮುಚ್ಚಿದರು. ಫ್ಯಾನಿನಲ್ಲಿ ಕಟ್ಟಿದ ಧೂಳು ಊದಿದರು. ಕಾವು ಏರಿದರೆ ಯಂತ್ರ ತನ್ನ ವೇಗ ತಾನೇ ತಗ್ಗಿಸಿಕೊಳ್ಳುತ್ತದೆ. ಬ್ಯಾಟರಿ ಉಳಿಸುವ ಗುಂಡಿ ಆರಿಸಿದರು. ಚಿತ್ರ ಮೂಡಿಸುವ ಭಾಗಕ್ಕೂ ಉಳಿದ ತಂತ್ರಾಂಶಕ್ಕೂ ನಡುವೆ ದುಭಾಷಿಯಾಗಿರುವ ಡ್ರೈವರನ್ನು ಅಳಿಸಿ ಹೊಸದಾಗಿ ಹಾಕಿದರು. ಪರದೆ ಸೆಕೆಂಡಿಗೆ ಎಷ್ಟು ಸಲ ಹೊಸ ಚಿತ್ರ ಬರೆಯುತ್ತದೆಂಬ ಲೆಕ್ಕವನ್ನು ಬದಲಿಸಿ ನೋಡಿದರು. ಒಂದೊಂದು ಹೆಜ್ಜೆಯಾದ ಮೇಲೂ ಫೋನಿನ ಆ ಚಿತ್ರ ಹಾಕಿದರು. ಪ್ರತಿ ಸಲವೂ ತನು ನಕ್ಕಳು.

ಕೊನೆಗೆ ಅಟ್ಟದಿಂದ ಕೀಲು ಸಡಿಲಾದ ಒಂದು ಲ್ಯಾಪ್‌ಟಾಪ್ ಇಳಿಸಿದರು. ನಿರಂತರ ಬರುವುದಕ್ಕೆ ಮೊದಲಿನದು. ಅದರಲ್ಲಿ ತನುವಿನ ಮುಖ ತಡೆತಡೆದು ಚಲಿಸಿತು, ಬಾಯಿ ಅರ್ಧ ತೆರೆದಲ್ಲಿ ನಿಂತಿತು. ನಿಂತೇ ಇತ್ತು.

"ಇದ! ಹಿಂಗ ಆಗತೈತಿ ನೋಡ್ರಿ ಅಕಿಗೆ!"

ಖಾಜಾ ಸಾಹೇಬರು ಗಲ್ಲ ಕೆರೆದುಕೊಂಡರು. "ಈ ಮುದಿ ಡಬ್ಬಿ ಎಲ್ಲದಕ್ಕೂ ಹಿಂಗ ನಿಲ್ಲತೈತಿ ತಂಗಿ. ನಿಂತಿದ್ದು ನಿನ್ನ ಮಗಳೋ, ಡಬ್ಬಿಯೋ? ನಾ ಹೆಂಗ ಹೇಳ್ಲಿ?" ಚೀಟಿಯೊಂದರ ಮೇಲೆ ಹೆಸರು ಬರೆದುಕೊಟ್ಟರು. "ಆ ಚಿಪ್ ಮಾಡಿದಾಕಿ ಧಾರವಾಡದಾಗ ಅದಾಳಂತ. ಹೋಗಿ ಕೇಳು."

ಸುಷ್ಮಾ ಹಂಚಿನಮನಿಯವರಿಗೆ ಆಗ ಅರವತ್ತರ ಹತ್ತಿರ. ಮಗಳನ್ನು ಕರೆದುಕೊಂಡು ಹೋದ ಭಾಗ್ಯಶ್ರೀಯನ್ನು ಅವರ ಕಂಪನಿಯ ಗೇಟಿನವನು ಎರಡು ತಾಸು ಕೂರಿಸಿದ ಮೇಲೆ, ಮಗುವಿದೆ ಎಂದು ಒಳಗೆ ಬಿಟ್ಟ. ಆಕೆ ಭಾಗ್ಯಶ್ರೀಯ ಮಾತನ್ನು ಅಡ್ಡಬಾರದೆ ಕೇಳಿದರು. ಅವರ ಮುಖದಲ್ಲಿದ್ದದ್ದು ಸಹನೆ, ನಂಬಿಕೆಯಲ್ಲ.

"ನೋಡವ್ವಾ, ಹೋಗೂದು ಬರೇ ಬದಲಾದ ಭಾಗ. ಕ್ಯಾಮೆರಾ ಪ್ರತಿ ಸಲ ಪೂರ್ತಿ ಚಿತ್ರ ಕಳಸೂದಿಲ್ಲ. ಕೈ ಎತ್ತಿದ್ರ ಕೈಯಷ್ಟ ಕಳಸ್ತದ. ನಡುವ ಕಳೆದಿದ್ದನ್ನ ನಮ್ಮ ಚಿಪ್ ತುಂಬ್ತದ. ಇದ್ದದ್ದನ್ನ ಬದಲಿಸೂದಿಲ್ಲ."

"ಏನೂ ಬದಲಾಗ್ಲಿಲ್ಲ ಅಂದ್ರ ಏನ್ ಕಳಸ್ತದ್ರಿ ಮೇಡಂ?"

"ಏನೂ ಕಳಸೂದಿಲ್ಲ."

"ದಾರ್ಯಾಗ ಕಳೆದುಹೋದ್ರ?"

"ಆಗೂ ಏನೂ..." ಸುಷ್ಮಾ ಮಾತು ಅಲ್ಲಿಗೇ ಬಿಟ್ಟರು. ಎದ್ದು ಹೋಗಿ ಎರಡು ಲ್ಯಾಪ್‌ಟಾಪ್ ತಂದು ಒಂದರಿಂದ ಇನ್ನೊಂದಕ್ಕೆ ಕರೆ ಜೋಡಿಸಿದರು. ತನುವನ್ನು ಖಾಲಿ ಗೋಡೆಯ ಮುಂದೆ ಕೂರಿಸಿದರು. "ಊದು ಕಂದಾ," ಎಂದರು.

ಮಗು ಊದಿತು. ಎರಡೂವರೆ ನಿಮಿಷಕ್ಕೆ ಊದುವುದು ನಿಂತಿತು.

ಸುಷ್ಮಾ ಮಗುವನ್ನು ನೋಡಿದರು. ಕಣ್ಣ ಮುಂದೆ ಕೈಯಾಡಿಸಿದರು, ಕಣ್ಣು ಕದಲಲಿಲ್ಲ. ಆಮೇಲೆ ಎರಡನೆಯ ಪರದೆಯತ್ತ ತಿರುಗಿದರು. ಆಡಿಸಿದ ಅವರ ಕೈ ಅಲ್ಲಿ ಕಂಡಿತು. ಕೈ ಸರಿದ ಮೇಲೆ ಗೋಡೆಯಲ್ಲಿ ಬದಲಾಗುವುದೇನೂ ಉಳಿಯಲಿಲ್ಲ, ಮಗುವಿನಲ್ಲೂ ಉಳಿಯಲಿಲ್ಲ. ಚಿತ್ರ ದಾರಿಯಲ್ಲಿ ಕಳೆಯಿತೆಂದೇ ಚಿಪ್ ಎಣಿಸಿತು. ಪರದೆಯ ಮಗು ರೆಪ್ಪೆ ಬಡಿದು, ಎಣ್ಣೆ ಹಚ್ಚಿದ ತಲೆ ಓರೆ ಮಾಡಿ, ಅವರನ್ನೇ ನೋಡಿ ನಕ್ಕಿತು. ಚೆಂದದ ನಗು. ಹತ್ತು ನಿಮಿಷದ ಹಿಂದೆ ಬಿಸ್ಕತ್ತು ಕೊಟ್ಟಾಗ ತನು ನಕ್ಕದ್ದು ಹಾಗೇ. ಚಿಪ್ ಅದನ್ನು ಅಲ್ಲಿಂದ ಕಲಿತಿತ್ತು.

"ಆರಿಸ್ರಿ ಅದನ್ನ ಮೇಡಂ," ಎಂದಳು ಭಾಗ್ಯಶ್ರೀ. "ಆ ನಗೂದನ್ನ ಆರಿಸ್ರಿ."

"ಆರಿಸಾಕ ಬರೂದಿಲ್ಲ," ಎಂದರು ಸುಷ್ಮಾ. "ಗುಂಡಿ ಇತ್ತು. ಜನ ತಿಳೀದ ಒತ್ತಿ, ಚಿತ್ರ ಕುಂಟತದ ಅಂತ ದೂರು ಕೊಡ್ತಿದ್ರು. ನಾನ ತೆಗಿಸಿದೆ."

ಗೋಡೆಯ ಮುಂದೆ ಒಂದು ಟೇಬಲ್ ಫ್ಯಾನ್ ಇಟ್ಟು, ಅದಕ್ಕೆ ಕಾಗದದ ಚೂರು ಕಟ್ಟಿ ಮತ್ತೆ ಪರೀಕ್ಷಿಸಿದರು. ಹಿಂದೆ ಸದಾ ಏನಾದರೂ ಅಲುಗುತ್ತಿದ್ದರೆ ಚಿತ್ರ ಬರುತ್ತಲೇ ಇರುತ್ತದೆ, ದಾರಿ ಸರಿಯಿದೆಯೆಂದು ಚಿಪ್ಪಿಗೆ ಗೊತ್ತಾಗುತ್ತದೆ, ಅದು ಕೈ ಹಾಕುವುದಿಲ್ಲ. ಈ ಸಲ ಪರದೆಯಲ್ಲಿ ಕಾಗದ ಪಟಪಟ ಬಡಿಯಿತು, ಅದರ ಮುಂದೆ ಮಗು ಕಲ್ಲಾಗಿ ಕೂತಿತ್ತು. ಭಾಗ್ಯಶ್ರೀ ತಾನು ಬಳಿದ ಸುಣ್ಣವನ್ನು ನೆನೆದಳು. ಮೂರು ಭೇಟಿಗೆ ಮೂರು ಸಲ ಮನೆಯನ್ನು ಅಷ್ಟು ಅಚ್ಚುಕಟ್ಟು ಮಾಡಿ, ಮಗಳ ಕಾಯಿಲೆಯನ್ನು ಅವಳೇ ಮುಚ್ಚಿಟ್ಟಂತಾಗಿತ್ತು.

ಆ ಚಿತ್ರವನ್ನು ಸುಷ್ಮಾ ಹುಬ್ಬಳ್ಳಿಗೆ ಕಳಿಸಿದರು. ಅರ್ಷದ್ ಮುಲ್ಲಾ ತಾವೇ ಫೋನ್ ಮಾಡಿದರು. "ನಾಳೆ ಬಾರಮ್ಮಾ," ಎಂದರು.

ಇಇಜಿಯಲ್ಲಿ ಅಲೆಗಳು ಪಠ್ಯಪುಸ್ತಕದಲ್ಲಿರುವಂತೆಯೇ ಮೂಡಿದವು, ಸೆಕೆಂಡಿಗೆ ಮೂರು. ಇದಕ್ಕೆ ಔಷಧಿ ಇತ್ತು, ನೂರು ವರ್ಷದಷ್ಟು ಹಳೆಯದು. ಅಂದೇ ಶುರು ಮಾಡಿದರು.

ನಾಲ್ಕನೆಯ ದಿನ ಡಾಕ್ಟರು ಭಾಗ್ಯಶ್ರೀಯನ್ನು ತಮ್ಮ ಕೋಣೆಗೆ ಕರೆದರು. ಸುಷ್ಮಾ ಅಲ್ಲೇ ಇದ್ದರು. ಮೂವತ್ತೈದು ಕೋಟಿ ಪರದೆಗಳಿಂದ ಚಿಪ್ ಕೀಳಲಾಗದು, ಹೊಸ ಪರದೆಗಳಲ್ಲಿ ಗುಂಡಿ ಬರಲು ಎರಡು ವರ್ಷ ಬೇಕು ಎಂದು ಹೇಳಿ ಅವರು ತಲೆ ತಗ್ಗಿಸಿದರು. ಮೇಜಿನ ಮೇಲೆ ಒಂದು ಪಟ್ಟಿ ಇತ್ತು. ಒಂಬತ್ತು ವರ್ಷದಲ್ಲಿ ಡಾಕ್ಟರು ಮೂರು ಸಲ ನೋಡಿ ಕಡತ ಮುಚ್ಚಿದ ಮಕ್ಕಳು ಆರುನೂರ ಹನ್ನೆರಡು. ಇದು ಒಬ್ಬ ಡಾಕ್ಟರ ಪಟ್ಟಿ ಮಾತ್ರ.

"ಎಲ್ಲಾರಿಗೂ ಫೋನ್ ಮಾಡಬೇಕು, ಬರೇ ದನಿಯಾಗ," ಎಂದರು ಡಾಕ್ಟರು. "ನಾನು ಮಾಡಿದ್ರ ತಾಯಂದ್ರು ಹೂಂ ಅಂದು ಇಡಾಕತ್ತಾರ. ನೀನು ಮಾತಾಡ್ತಿ ಏನವಾ? ನೀವು ಕಂಡಿದ್ದು ಖರೇ ಇರಬಹುದು ಅಂತ ಹೇಳಬೇಕು. ಈಗೂ ಆಗತದೇನು ಕೇಳಬೇಕು. ಹೌದು, ಇಲ್ಲ, ಎರಡ ಕಾಲಂ."

ಭಾಗ್ಯಶ್ರೀ ಪೆನ್ನು ಹಿಡಿದು ಕೂತಳು. ಒಬ್ಬಳು ಬೈದಳು. ಒಬ್ಬಳು ಅತ್ತಳು, ಆಮೇಲೆ ಯಾವ ಬಸ್ಸಿಗೆ ಬರಬೇಕೆಂದು ಕೇಳಿದಳು. ಒಂದು ನಂಬರಿನಲ್ಲಿ ಗಂಡಸೊಬ್ಬ ಹುಡುಗನ ಹೆಸರು ಕೇಳಿಸಿಕೊಂಡು ಫೋನ್ ಇಟ್ಟ.

ಹದಿನೇಳನೆಯ ಹೆಸರು ಲಿಂಗಸುಗೂರಿನದು. ಭಾಗ್ಯಶ್ರೀ ಎಲ್ಲವನ್ನೂ ಹೇಳಿ ಮುಗಿಸಿದಳು. ಆ ಕಡೆ ಹೊಲಿಗೆ ಯಂತ್ರದ ಸದ್ದು ನಿಂತಿತು.

"ಹೌದಕ್ಕ, ಆಗ ನಿಲ್ಲತಿದ್ಲು," ಎಂದಳು ಆ ಹೆಂಗಸು. "ದಿನಕ್ಕ ಐದಾರು ಸಲ ನಿಲ್ಲತಿದ್ಲು."

"ಈಗ? ಈಗೂ ಆಗತೈತೇನಕ್ಕ?"

"ಡಾಕ್ಟರು ಏನಿಲ್ಲ ಅಂದ್ರು. ಚಿತ್ರದಾಗೂ ನಗತಿದ್ಲು. ನನಗ ಹುಚ್ಚು ಅಂದ್ರು ಮನ್ಯಾಗ. ಆವತ್ತಿಂದ ನಾ ಅಕಿನ್ನ ಹಂಗ ದಿಟ್ಟಿಸಿ ನೋಡೋದ ಬಿಟ್ಟೀನಕ್ಕ. ನಾಲ್ಕು ವರ್ಷಾತು."

ಭಾಗ್ಯಶ್ರೀಯ ಪೆನ್ನು ಎರಡು ಕಾಲಂಗಳ ನಡುವೆ ನಿಂತಿತ್ತು. ಯಾವುದರಲ್ಲಿ ಗುರುತು ಹಾಕಬೇಕೆಂದು ಡಾಕ್ಟರ ಕಡೆ ನೋಡಿದಳು. ಅವರು ಪಟ್ಟಿಯನ್ನು ತಮ್ಮತ್ತ ಎಳೆದುಕೊಂಡು, ಎರಡು ಕಾಲಂಗಳ ಪಕ್ಕದಲ್ಲಿ ಇನ್ನೊಂದು ಗೆರೆ ಎಳೆದರು.