ಬಂಡೆಗೆ ಕಿವಿಯಿಟ್ಟು ನಡೆದದ್ದು

ಧರ್ಮಪುರದ ಸುತ್ತಮುತ್ತ ಬೋರ್‌ವೆಲ್ ಮೋಟಾರ್ ರಿಪೇರಿ ಮಾಡುವವನು ನಾನು. ಕುರಿ ಕಾಯುವ ಹುಚ್ಚಕ್ಕ ಕಾಣೆಯಾದ ಮೂರನೇ ದಿನ, ಮಟಮಟ ಮಧ್ಯಾಹ್ನ, ಕೆಟ್ಟು ನಿಂತ ಮೋಟಾರ್ ನೋಡಲು ಹೋಗಿ ಕಬ್ಬಿಣದ ಪೈಪಿಗೆ ಕಿವಿಯಿಟ್ಟೆ. ಟಕ್, ಟಕ್, ಟಕ್. ಕಿವಿ ತೆಗೆದರೆ ಏನೂ ಇಲ್ಲ. ಬಿಸಿಲಿಗೆ ಸುಡಬೇಕಿದ್ದ ಪೈಪು ಕೆನ್ನೆಗೆ ತಣ್ಣಗಿತ್ತು.

ಗಾಳಿಯಲ್ಲಿ ಕರಗುವ ಸದ್ದು ಕಲ್ಲಿನೊಳಗೆ ದೂರ ಹೋಗುತ್ತದೆಂದು ಕಸುಬಿನಿಂದ ಗೊತ್ತಿತ್ತು. ಹುಚ್ಚಕ್ಕನ ಮಗ ಹರೀಶನನ್ನು ಕರೆಸಿದೆ. ಅಲ್ಲಲ್ಲಿ ಬಂಡೆಗೆ ಕಿವಿಯಿಟ್ಟು, ಸದ್ದು ಜೋರಾದ ಕಡೆಗೇ ನಡೆದೆವು. ಅರ್ಧ ಮೈಲಿ ಆಚೆ, ಜಾಲಿ ಮುಚ್ಚಿದ ಹಾಳುಬಾವಿಯಲ್ಲಿ ಹುಚ್ಚಕ್ಕ ಜೀವಂತವಾಗಿದ್ದಳು!

ಹಗ್ಗ ಕಟ್ಟಿ ಮೇಲೆತ್ತಿದಾಗ ಊರಿಗೆ ಊರೇ ಶಿಳ್ಳೆ ಹೊಡೆಯಿತು. ಹರೀಶ ನನ್ನನ್ನು ಹೆಗಲಿಗೇರಿಸಿಕೊಂಡು ಕುಣಿದ.

“ನೀನು ಕುಟ್ಟಿದ್ದಕ್ಕೇ ಸಿಕ್ಕಿದೆ ಕಣವ್ವಾ,” ಅಂದೆ.

ನೀರು ಕುಡಿದು ಹುಚ್ಚಕ್ಕ ನಕ್ಕಳು. “ನಾನೆಲ್ಲಿ ಕುಟ್ಲಪ್ಪಾ? ಮಣ್ಣು ಕುಸ್ದು ಎರಡೂ ಕೈ ಹೂತೋಗಿದ್ವು. ಕುಟ್ತಿದ್ದೋರು ನನ್ನ ಕೆಳಗಿದ್ರು. ನೀವೇ ಇರ್ಬೇಕು ಅಂತ ಧೈರ್ಯವಾಗಿದ್ದೆ.”

ಅವಳ ಕಂಬಳಿ ತರಲು ಬಾವಿಗಿಳಿದವನು ನಾನೇ. ಮಣ್ಣು ಸರಿಸಿ ನೋಡಿದೆ. ತಳದಲ್ಲಿದ್ದದ್ದು ಒಂದು ಬಿರುಕೂ ಇಲ್ಲದ ಇಡೀ ಹಾಸುಬಂಡೆ.