ಎತ್ತಿಟ್ಟ ಪಾಲು

ಮಧ್ಯಾಹ್ನ ಎರಡು ಇಪ್ಪತ್ತಕ್ಕೆ ಆಸ್ಪತ್ರೆಯ ರಕ್ತರೋಗ ತಜ್ಞೆ ಠಾಣೆಗೆ ಬಂದು ದೂರು ಕೊಟ್ಟರು. ಆರು ವರ್ಷದ ಹುಡುಗಿಗೆಂದು ಅವಳ ಅಕ್ಕನ ರಕ್ತದಿಂದ ಬೇರ್ಪಡಿಸಿದ, ಹೊಸ ರಕ್ತ ಹುಟ್ಟಿಸುವ ಆಕರಕೋಶಗಳಲ್ಲಿ ಅರ್ಧಕ್ಕರ್ಧ ಕಾಣೆ. ಹುಡುಗಿಯ ಅಸ್ಥಿಮಜ್ಜೆಯನ್ನು ಔಷಧಿ ಕೊಟ್ಟು ಆಗಲೇ ಬರಿದು ಮಾಡಿದ್ದರು. ನಾಳೆ ಬೆಳಗಿನೊಳಗೆ ಪೂರ್ತಿ ಕೋಶ ಸೇರದಿದ್ದರೆ ಮಗು ಉಳಿಯುವುದು ಅನುಮಾನ.

ಎಫ್‌ಐಆರ್ ದಾಖಲಿಸಿ ಇನ್ಸ್‌ಪೆಕ್ಟರ್ ಮೂರಕ್ಕೆ ಪ್ರಯೋಗಾಲಯ ತಲುಪಿದರು. ಜೊತೆಗೆ ಎಲ್ಲರೂ ಮೀಸೆ ಎಂದೇ ಕರೆಯುವ ಹಿರಿಯ ಪೇದೆ. ಕೋಶ ಬೇರ್ಪಡಿಸಿದ ತಂತ್ರಜ್ಞೆ ಯಂತ್ರ ತೋರಿಸಿದಳು. ರಕ್ತ ಹುಟ್ಟಿಸುವ ಕೋಶಗಳಿಗೆ ಮಾತ್ರ ಕಬ್ಬಿಣದ ಸೂಕ್ಷ್ಮ ಕಣ ಅಂಟುತ್ತದೆ. ಅಯಸ್ಕಾಂತ ಅವನ್ನು ಹಿಡಿದುಕೊಳ್ಳುತ್ತದೆ, ಉಳಿದದ್ದು ತೊಳೆದುಹೋಗುತ್ತದೆ. ಅಯಸ್ಕಾಂತ ಸರಿಸಿದರೆ ಬೇಕಾದ ಕೋಶ ಚೀಲಕ್ಕಿಳಿಯುತ್ತದೆ.

“ನಮ್ಮ ಠಾಣೆಗೂ ಇಂಥದ್ದೊಂದು ಬೇಕು ಸಾರ್. ಗುಂಪಲ್ಲಿ ಕಳ್ಳನ್ನ ಮಾತ್ರ ಹಿಡ್ಕೊಳ್ಳುತ್ತೆ,” ಎಂದ ಮೀಸೆ.

ಇನ್ಸ್‌ಪೆಕ್ಟರ್ ಯಂತ್ರದ ದಾಖಲೆ ತೆಗೆಸಿದರು. ಅಯಸ್ಕಾಂತ ಸರಿದದ್ದು ಹನ್ನೊಂದು ಹತ್ತಕ್ಕೆ. ಮತ್ತೆ ಹನ್ನೊಂದು ಹದಿನೆಂಟಕ್ಕೆ.

“ಎರಡು ಸಲ ಯಾಕೆ?”

“ಮೊದಲನೇ ಸಲ ಪೂರ್ತಿ ಇಳೀಲಿಲ್ಲ ಸಾರ್.”

“ಎರಡನೇ ಸಲದ್ದು ಎಲ್ಲಿ?”

ತಂತ್ರಜ್ಞೆಯ ಕಣ್ಣು ಮೂಲೆಯ ಫ್ರಿಜ್‌ನತ್ತ ಹೋಯಿತು.

ಇಬ್ಬರು ನರ್ಸ್‌ಗಳನ್ನು ಪಂಚರಾಗಿಸಿ ಫ್ರಿಜ್ ತೆರೆಸಿದಾಗ ಕೆಳಗಿನ ತಟ್ಟೆಯಲ್ಲಿ ಚೀಲ ಸಿಕ್ಕಿತು. ಅದರ ಮೇಲೆ ಹುಡುಗಿಯ ಹಾಸಿಗೆ ಸಂಖ್ಯೆ, ದಿನಾಂಕ, ಗಂಟೆ, ಎಲ್ಲವೂ ದುಂಡಗಿನ ಅಕ್ಷರದಲ್ಲಿ. ಪಂಚನಾಮೆ ಮುಗಿಸಿ, ಫೋಟೊ ತೆಗೆಸಿ, ರಸೀದಿ ಪಡೆದು ಇನ್ಸ್‌ಪೆಕ್ಟರ್ ಚೀಲವನ್ನು ಕೂಡಲೇ ವೈದ್ಯೆಯ ಕೈಗೆ ಕೊಟ್ಟರು.

“ಕದ್ದ ಮಾಲಿನ ಮೇಲೆ ಯಜಮಾನರ ಗುರುತು ಬರ್ದಿಡೋ ಕಳ್ಳೀನ ನಾನು ನೋಡೇ ಇಲ್ಲ ಕಣಮ್ಮ,” ಎಂದ ಮೀಸೆ.

“ಕದ್ದಿಲ್ಲ. ಆ ಮಗೂಗೇ ಎತ್ತಿಟ್ಟಿದ್ದು. ಎಣಿಸೋಕೆ ಮುಂಚೆನೇ ತೆಗೆದುಬಿಟ್ಟೆ, ಧಾರಾಳ ಇರುತ್ತೆ ಅಂದ್ಕೊಂಡೆ. ಕಮ್ಮಿ ಬಿತ್ತು ಅಂತ ಗಲಾಟೆ ಆದಾಗ ಹೆದ್ರಿ ಹೇಳಲೇ ಇಲ್ಲ ಸಾರ್.”

ಉಳಿದದ್ದೂ ಹೇಳಿಕೆಯಲ್ಲಿ ಹೊರಬಂತು. ಒಂಬತ್ತು ವರ್ಷದ ಹಿಂದೆ ತನ್ನ ತಮ್ಮನಿಗೆ ಕೋಶ ಕೊಟ್ಟವಳು ಈಕೆಯೇ. ಅದು ಅವನ ಮೈಗೆ ಹಿಡಿಯಲಿಲ್ಲ. ಇನ್ನೊಮ್ಮೆ ಕೊಡುವ ಹೊತ್ತಿಗೆ ಈಕೆಗೆ ಕಾಮಾಲೆ; ಈಕೆಯ ಕೋಶ ತೆಗೆದುಕೊಳ್ಳುವುದಿಲ್ಲ ಎಂದರು ವೈದ್ಯರು. ತಮ್ಮ ತೀರಿಕೊಂಡ. ಮೊದಲ ಸಲ ಹಿಡಿಯದಿದ್ದರೆ ಬೇಕಾಗುತ್ತದೆ, ಪ್ರತಿ ರೋಗಿಗೂ ಒಂದು ಪಾಲು ಎತ್ತಿಡಿ ಎಂದು ಆಸ್ಪತ್ರೆಗೆ ಎರಡು ಸಲ ಬರೆದುಕೊಟ್ಟಿದ್ದಳು. ಉತ್ತರವೇ ಬಂದಿರಲಿಲ್ಲ. ಇನ್ಸ್‌ಪೆಕ್ಟರ್ ಅದನ್ನೂ ಬರೆದುಕೊಂಡರು.

ಐದು ನಲವತ್ತಕ್ಕೆ ಬಂಧನ. ಜೀಪಿನಲ್ಲಿ ಅವಳು ವಕೀಲರ ಮಾತೆತ್ತಲಿಲ್ಲ.

“ಎರಡೂ ಚೀಲ ಸೇರಿಸಿದ್ರೆ ಎಣಿಕೆ ಎಷ್ಟು ಬಂತು ಸಾರ್?”

ಇನ್ಸ್‌ಪೆಕ್ಟರ್ ವೈದ್ಯೆಗೆ ಫೋನ್ ಮಾಡಿ ಕೇಳಿದರು.

“ಮಗುಗೆ ಸರಿಯಾಗಿ ಸಾಕಾಗೋಷ್ಟಿದೆಯಂತೆ. ಎತ್ತಿಡೋಕೆ ಏನೂ ಉಳಿಯಲ್ವಂತೆ.”

ಅವಳು ಆಗ ಅತ್ತಳು.