ಬೈಫೋಕಲ್ ಹಾಕಿಕೊಂಡು ಹೆಣ್ಣು ನೋಡಲು ಬಂದವರು

ಐವತ್ತೆಂಟನೇ ಇಸವಿ. ರಾಜಾಜಿನಗರದ ಆ ಹೊಸ ಮನೆಯ ಪುಟ್ಟ ಹಜಾರದಲ್ಲಿ ಗಂಡಿಗೆ ಕುರ್ಚಿ, ಹೆಣ್ಣಿಗೆ ಚಾಪೆ. ಸ್ಕೂಲಿನಲ್ಲಿ ಇಡೀ ಕ್ಲಾಸನ್ನು ಒಂದು ನೋಟಕ್ಕೆ ಅಡಗಿಸುವ ಟೀಚರಮ್ಮ ಅನಂತಲಕ್ಷ್ಮಿಗೆ, ಮೂವತ್ತಾರರ ವಯಸ್ಸಿನಲ್ಲಿ ಮತ್ತೊಮ್ಮೆ ಆ ಚಾಪೆಯ ಮೇಲೆ ಕೂತು ತಲೆ ಎತ್ತಲೂ ಸಂಕೋಚ.

ಎತ್ತಿದಾಗ ಮೊದಲು ಕಂಡದ್ದು ಕುರ್ಚಿಯಲ್ಲಿದ್ದ ಜಗನ್ನಾಥನ ಗದ್ದ. ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದುವ, ಹೆಂಡತಿಯನ್ನು ಕಳೆದುಕೊಂಡ ಮನುಷ್ಯ. ಉಪ್ಪಿಟ್ಟಿನ ತಟ್ಟೆ ಕೊಟ್ಟರೆ ಗದ್ದ ಮೇಲೆ. ಅವಳತ್ತ ತಿರುಗಿದರೆ ಗದ್ದ ಎದೆಗೆ. ಮತ್ತೆ ಮೇಲೆ, ಮತ್ತೆ ಕೆಳಗೆ. ಸಂತೆಯಲ್ಲಿ ಎಮ್ಮೆ ಕೊಳ್ಳುವವರೂ ಇಷ್ಟು ಅಳೆದು ನೋಡುವುದಿಲ್ಲ ಎನಿಸಿತು ಅವಳಿಗೆ.

ಅಡಿಗೆಮನೆಗೆ ಬಂದವಳೇ ಅತ್ತಿಗೆಗೆ ಹೇಳಿದಳು: “ಬೇಡ. ಅಣ್ಣಂಗೆ ಹೇಳ್ಬಿಡಿ.”

“ಮಾತು ಎಷ್ಟು ಮೃದು ಕಣೇ ಆತಂದು! ಇದನ್ನೂ ಬಿಟ್ರೆ ಇನ್ಯಾರೇ ಬರ್ತಾರೆ?”

“ಬರದೇ ಇರ್ಲಿ. ಒಬ್ಬಳೇ ಇರ್ತೀನಿ.”

ಅತ್ತಿಗೆ ನಿಟ್ಟುಸಿರುಬಿಟ್ಟು ಕಾಫಿ ಹಿಡಿದು ಹಜಾರಕ್ಕೆ ಹೋದರು. ಅನಂತಲಕ್ಷ್ಮಿ ತಟ್ಟೆಗಳನ್ನು ಹಿತ್ತಲಿನ ನಲ್ಲಿಯ ಬಳಿ ದಡಾರನೆ ಇಟ್ಟಳು. ಅಷ್ಟರಲ್ಲಿ ಕೈ ತೊಳೆಯಲು ಜಗನ್ನಾಥ ಬಂದ. ಕಡೆಯ ಮೆಟ್ಟಿಲು ಅಲ್ಲಿ ಇಲ್ಲವೇ ಇಲ್ಲವೆಂಬಂತೆ ಗಾಳಿಗೆ ಕಾಲಿಟ್ಟ. ಅವಳು ಗಬಕ್ಕನೆ ತೋಳು ಹಿಡಿಯದಿದ್ದರೆ ವರನ ಮೂಗು ಒಗೆಯುವ ಕಲ್ಲಿಗೆ ಅರ್ಪಣೆ.

“ಹಾಳಾದ್ದು ಬೈಫೋಕಲ್ ರೀ! ಹೊಸದು, ಇನ್ನೂ ರೂಢಿ ಆಗಿಲ್ಲ. ಕೆಳಗಿನ ಗಾಜು ಓದೋಕೆ, ಮೇಲಿನದು ದೂರ ನೋಡೋಕೆ. ಮೆಟ್ಲು, ನನ್ನ ಕಾಲು, ಎಲ್ಲ ಅದರಲ್ಲಿ ಮಂಜು ಮಂಜು.”

“ಒಳಗೆ ಹಾಗೆ ಗದ್ದ ಏರಿಸಿ ಇಳಿಸಿ ಮಾಡಿದ್ದು ಅದಕ್ಕಾ?”

“ಮತ್ತೆ? ಕುರ್ಚಿ ಮೇಲಿಂದ ನೋಡಿದ್ರೆ ಚಾಪೆ ಮೇಲೆ ಕೂತೋರು ಅದೇ ಗಾಜಿಗೆ ಬೀಳ್ತಾರೆ. ಮೇಲಿನ ಗಾಜಲ್ಲಿ ನೋಡೋಣ ಅಂತ ಒದ್ದಾಡ್ದೆ.”

“ಕನ್ನಡಕ ತೆಗೆದು ನೋಡ್ಬಾರ್ದಿತ್ತಾ?”

“ತೆಗೆದ್ರೆ ಬೀರು ಯಾವ್ದು, ನಿಮ್ಮಣ್ಣ ಯಾರು ಅಂತಾನೇ ಗೊತ್ತಾಗಲ್ಲ.”

ನಗು ತಡೆಯಲು ತುಟಿ ಕಚ್ಚಿದಳು. “ಹಾಗಾದ್ರೆ ನನ್ನನ್ನ ನೋಡೇ ಇಲ್ಲ ನೀವು.”

“ಈಗ ನೋಡ್ತಾ ಇದೀನಲ್ಲ.”

ಹೌದು. ಇಬ್ಬರೂ ಎದುರೆದುರು ನಿಂತಿದ್ದರು. ಗದ್ದ ಅಲುಗಲಿಲ್ಲ. ಮೇಲಿನ ಗಾಜಿನ ಹಿಂದಿನ ಆ ದಣಿದ, ಕೊಂಚ ಹೆದರಿದ ಕಣ್ಣುಗಳು ಅವಳ ಮುಖದ ಮೇಲೆ ಬಂದು ನಿಂತವು. ಕಿವಿಯ ಬಳಿಯ ನರೆಗೂದಲನ್ನು ಮುಚ್ಚಿಕೊಳ್ಳಬೇಕೆನಿಸಿತು ಅವಳಿಗೆ. ಮುಚ್ಚಿಕೊಳ್ಳಲಿಲ್ಲ. ತೋಳು ಇನ್ನೂ ತನ್ನ ಕೈಯಲ್ಲೇ ಇದೆಯೆಂದು ತಡವಾಗಿ ಗೊತ್ತಾಯಿತು.

“ಕಾಣ್ತಿದೀನಾ?”

“ಚೆನ್ನಾಗಿ. ಕೋಪ ಮಾಡ್ಕೊಂಡಿದ್ರಿ ಅಂತಾನೂ ಕಾಣ್ತಿದೆ.” ಅವನು ದನಿ ತಗ್ಗಿಸಿದ. “ನಮ್ಮನೇಲಿ ಎರಡು ಕುರ್ಚಿ ಇದೆ ರೀ.”

ಅವಳ ಕಿವಿ ಕೆಂಪಾಯಿತು. ತೋಳು ಬಿಟ್ಟು ಅಡಿಗೆಮನೆಯ ಬಾಗಿಲಿಗೆ ಓಡಿದಳು. ಅತ್ತಿಗೆ ಹಜಾರದಿಂದ ವಾಪಸು ಬಂದಿದ್ದರು.

“ಅತ್ತಿಗೆ! ಅಣ್ಣಂಗೆ ಹೇಳ್ಬಿಟ್ರಾ?”

“ನಿಮ್ಮಣ್ಣ ಕಾಫಿ ಕುಡಿದು ಮುಗಿಸ್ಲಿ ಅಂತ ಕಾಯ್ತಾ ಇದೀನಿ ಕಣೇ. ಹೇಳ್ಲಾ?”

“ಹೇಳಿ,” ಎಂದಳು ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಾ. “ಆದ್ರೆ ನಾನು ಆಗ ಹೇಳಿದ್ದನ್ನಲ್ಲ.”